ನೊಗದ ಹಿಡಕಿಯ ಚಾಕು

ನಮ್ಮ ಮನಿಯವ್ರ ಹೆಸರು ಸತ್ಯಪ್ಪ. ಬೆಳಗಾವಿ ಖಾಸಬಾಗದಾಗ ಯಾರ್ನ ಕೇಳಿದ್ರೂ ಮನಿ ತೋರಸ್ತಾರ. 'ಕುಂಟ ಮಿಲ್ಟ್ರಿ ಸತ್ಯಪ್ಪ' ಅಂತಾರ. ನಾ ಎದರಿಗಿದ್ರ 'ಕುಂಟ' ಅನ್ನೂದನ್ನ ನುಂಗತಾರ. ಈ ಪ್ರಮಿಳಾನ ಬಾಯಿ ಹೆಂಥಾದಂತ ಓಣಿಗೆಲ್ಲಾ ಗೊತ್ತೈತಿ. ಅವರಿಗೆ ಬಲಗಾಲಿನ ಪಾದ ಅರ್ಧಾ ಇಲ್ಲ. ಬೂಟಿನ ಮುಂದ ಸ್ಪಂಜ ತುಂಬಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು, ಬ್ಯಾಂಕಿನ ಬಾಗಲದಾಗ ಸೆಕ್ಯುರಿಟಿ ಅಂತ ನಿಂದರತಾರ. ಕುರ್ಚಿ ಕೊಟ್ಟಾರ, ಕುಂದ್ರೂದಿಲ್ಲ. ಹಠಮಾರಿ ಮನಷ್ಯಾ.

ಮಂದಿಗೊಂದು ಚಟಾ ಐತಿ ನೋಡ್ರಿ. ಮಿಲ್ಟ್ರ್ಯಾಗ ಇದ್ದಾವ್ರು ಅಂದ ಕೂಡ್ಲೆ, "ಕಾಕಾ, ಚಾಕು ಇಟ್ಕೊಂಡಿದ್ರೇನ? ಎಷ್ಟ ಮಂದಿಗೆ ಹಾಕಿದ್ರಿ?" ಅಂತ ಕೇಳತಾರ. ಇವರು ಮಾರಿ ಗಂಭೀರ ಮಾಡಿ, "ಬಾಳ ಮಂದಿಗೆ ಹಾಕೇನಪಾ. ಬಟಾಣಿ ಡಬ್ಬಿ, ಅನಾನಸ ಡಬ್ಬಿ, ಹಾಲಿನ ಡಬ್ಬಿ, ಒಂದನ್ನೂ ಬಿಟ್ಟಿಲ್ಲ" ಅಂತಿದ್ರು. ಹೋದ ದಸರಾದ ತನಕಾ ಅಂತಿದ್ರು. ಈಗ ಕೇಳಿದ್ರ ಎದ್ದು ಒಳಗ ಹೋಗತಾರ.

ಚಾಕು ಅಂದ್ರ ಅವರಿಗೆ ಹುಡುಗಾಟ ಆಗಿರಲಿಲ್ಲ. ಹಿಮದ ಠಾಣೆಕ್ಕ ಹೋಗೂ ಆರ್ಡರ್ ಬಂದಾಗ ರಜಾಕ್ಕ ಊರಿಗೆ ಬಂದ್ರು. ಪಾರಿಶ್ವಾಡದ ಮನಿ ಅಟ್ಟದ ಮ್ಯಾಲೆ ನಮ್ಮ ಮಾವನ ಮುರದ ನೊಗಾ ಬಿದ್ದಿತ್ತು. ಅದರಾಗ ಒಂದ ತುಂಡ ಕೊಯ್ಕೊಂಡು, ಖಾನಾಪುರದ ಕಂಬಾರನ ಕಡೆ ಹೋಗಿ, ಲಾರಿ ಕಮಾನಪಟ್ಟಿ ಕಾಸಿ ಬಡಿಸಿ ಚಾಕು ಮಾಡಿಸಿದ್ರು. ಆ ನೊಗದ ತುಂಡ ಅದರ ಹಿಡಕಿ. ಹಗ್ಗಾ ಹಾಕೂ ಹಳೇ ತೂತು ಹಂಗ ಉಳದಿತ್ತು. ಕೈ ಜಾರಬಾರದಂತ ನಾನು ನನ್ನ ಹಸರ ಇಲಕಲ್ ಸೀರಿ ಅಂಚು ಹರದು ಹಿಡಕಿಗೆ ಸುತ್ತಿಕೊಟ್ಟೆ. ಛಲೋ ಸೀರಿ ಹರದ್ಲು ಅಂತ ನಮ್ಮತ್ತಿ ಬೈದಿದ್ದು ಬ್ಯಾರೆ.

"ಮತ್ತ ಅಂಗಡ್ಯಾಗ ಸಿಗೂದಿಲ್ಲೇನ್ರಿ?" ಅಂತ ಕೇಳಿದೆ.

"ಸಿಗತೈತಿ. ಅದು ಫೋಟೋ ತಗಸಾಕ" ಅಂದ್ರು. "ಚಾಕು ಗೇಣಿಗಿಂತ ಉದ್ದ ಇರಬಾರದು, ಏರ ಹತ್ತೂ ಮುಂದ ತೊಡಿಗೆ ಬಡೀತೈತಿ. ಮಿಂಚಬಾರದು, ದೂರಿಂದ ಕಾಣತೈತಿ. ಹೊಗಿ ಹಿಡಿಸಿ ಕರಗ ಮಾಡಬೇಕು. ಹಿಡಕಿ ಕಬ್ಬಿಣದ್ದಾದ್ರ ಆ ಚಳ್ಯಾಗ ಅಂಗೈ ತೊಗಲ ಕಿತಗೊಂಡ ಬರತೈತಿ. ಸೊಂಟದಾಗ ಕಟ್ಟಿದ್ರ ಕೋಟಿನ ಮ್ಯಾಲೆ ಕೋಟ್ ಹಾಕಿರತೇವಿ, ಕೈಗೆ ಸಿಗೂದಿಲ್ಲ. ಎದಿ ಪಟ್ಟಾಕ್ಕ ಸಿಗಸಬೇಕು. ಮಲಗೂ ಮುಂದ ತಲಿ ಬಾಜು ಇರಬೇಕು."

"ಮಲಗೂ ಮುಂದ ಯಾಕ?"

"ಹಿಮಾ ಜಾರಿ ಟೆಂಟಿನ ಮ್ಯಾಲೆ ಬಿತ್ತಂದ್ರ, ಬಟ್ಟಿ ಕೊಯ್ದು ಹೊರಗ ಬರಬೇಕಲಾ. ಚಾಕು ಇದ್ದಾಂವ ಬದಕತಾನ."

ಈಗ ಶಶಿಧರಂದು ಹೇಳತೇನಿ. ಖಾನಾಪುರದಾಂವ, ಇವರ ಪಲ್ಟಣದಾಂವ, ಒಂದ ಟೆಂಟಿನಾಂವ. ನನಗ "ವೈನಿ, ವೈನಿ" ಅಂತ ಬಾಯಿತುಂಬ ಕರಿಯಾಂವ, ನಾನೂ ಹಂಗ ಬಾಯಿತುಂಬ ಉಣ್ಣಾಕ ಹಾಕಾಕಿ. ಅಂವ ನೊಗದ ಹಿಡಕಿ ನೋಡಿ ನಕ್ಕ. "ಒಕ್ಕಲಿಗ ಒಕ್ಕಲಿಗನ ನೋಡ, ಯುದ್ಧಕ್ಕ ನೊಗಾ ಹೊತಗೊಂಡ ಹೊಂಟಾನ" ಅಂದ. ತಾನು ಬೆಳಗಾವಿ ಪ್ಯಾಟ್ಯಾಗ ಥಳಥಳ ಹೊಳೆಯೂ ಚಾಕು ತಗೊಂಡ. ಬೆನ್ನಿಗೆ ಗರಗಸದ ಹಲ್ಲು, ಹಿಡಕಿ ಒಳಗ ದಿಕ್ಕು ತೋರಸೂ ಮುಳ್ಳು. ಹಿಮಕ್ಕ ಹೋದ ಮ್ಯಾಲೆ ಆ ಚಾಕು ಗಡ್ಡಿ ಕಟ್ಟಿದ ಹಾಲಿನ ಡಬ್ಬಿ ತಗ್ಯಾಕ ಹೋಗಿ ಹಿಡಕ್ಯಾಗಿಂದ ಕಟ್ ಅಂತ ಮುರೀತಂತ. ಇಡೀ ಠಾಣೆ ನಕ್ಕಿತ್ತಂತ.

ಅವತ್ತಿಂದ ಏನ ಕೆಲಸಾ ಇದ್ರೂ, "ಸತ್ಯಾ, ನಿನ್ನ ಚಾಕು ಕೊಡೋ." ಇವರು ಕೊಡಾವ್ರು. ಒಂದಿನಾ ಹಗ್ಗಾ ಕಟ್ಟೂ ಕೆಲಸಕ್ಕಂತ ಒಯ್ದ, ಸಂಜಿಗೆ ತಿರುಗಿ ಕೊಡಲಿಲ್ಲ. ಇವರೂ ಕೇಳಲಿಲ್ಲ. ಬಾಜುನ ಮಲಗತಾನಲಾ, ಯಾರ ಎದಿ ಮ್ಯಾಲಿದ್ರೇನು ಅಂದ್ಕೊಂಡ್ರು.

ಮರುದಿನಾ ನಸಕಿನ್ಯಾಗ ಹಿಮಾ ಜಾರಿ ಬಿತ್ತು. ಟೆಂಟ್ ಮಲಗಿಬಿಡ್ತು. ಇವರ ಕಾಲು ಹಿಮದಾಗ ಹುಗದು, ಮಾರಿ ಮ್ಯಾಲೆ ಬಟ್ಟಿ ಬಿಗದು, ಉಸರ ಆಡಾಕ ಆಗವಲ್ಲದು. "ಚಾಕು ಕೊಡು, ಶಶಿ" ಅಂತ ಒದರ್ಯಾರ. ಬಾಜುಕಿಂದ, "ಚಾಕು ಹೋತೋ ಸತ್ಯಾ, ಹಿಮದಾಗ ಹೋತು!" ಅಂತ ಧ್ವನಿ ಬಂತಂತ. ಆಮ್ಯಾಲೆ ಸಪ್ಪಳನ ಇಲ್ಲ. ಕೆಳಗಿನ ಠಾಣೆದವ್ರು ಬಂದು ಅಗದು ತಗದಾಗ ಇವರಿಗೆ ಜೀವ ಇತ್ತು, ಪಾದ ಸತ್ತಿತ್ತು.

ದವಾಖಾನ್ಯಾಗ ಶಶಿಧರ ಮಂಚಕ್ಕ ತಲಿ ಹಚ್ಚಿ ಅತ್ತ. ನನ್ನ ಕಣ್ಣಮುಂದನ ಅತ್ತ. "ಹಿಮದ ಹೊಡತಕ್ಕ ನಾ ಟೆಂಟಿನ ಬಾಗಲದಿಂದ ಹೊರಗ ಬಿದ್ದೆ, ವೈನಿ. ಬರಿಗೈಲೆ ಬಟ್ಟಿ ಹರಿಯಾಕ ನೋಡಿದೆ, ಉಗರ ಕಿತ್ತು ಬಂದೂವು. ಆಗಲಿಲ್ಲ, ಮಂದಿ ಕರ್ಯಾಕ ಓಡಿದೆ." ಪಾದ ಕತ್ತರಿಸಿಕೊಂಡ ಮನಷ್ಯಾ ತನ್ನ ಕೈಲೆ ಅವನ ತಲಿ ಸವರಿ, "ಬಿಡೋ ಹುಚ್ಚಾ, ಚಾಕು ಇಲ್ದ ನೀ ಏನ ಮಾಡಾಂವ" ಅಂದ್ರು. ನಾನು ಸೆರಗಿನಾಗ ಅವನ ಕಣ್ಣೀರ ಒರಸಿದೆ. ನೆನಸಿದ್ರ ಈಗ ಮೈ ಉರೀತೈತಿ.

ಹಿಂಗ ವರ್ಷಗಟ್ಲೆ ನಡೀತ್ರಿ. ನಿವೃತ್ತ ಸೈನಿಕರ ಸಭಾದಾಗ 'ಗೆಳ್ಯಾನ ಜೀವಾ ಉಳಿಸಿದಾಂವ' ಅಂತ ಶಶಿಧರಗ ಶಾಲು ಹೊಚ್ಚಿದ್ರು. ಹೊಚ್ಚಿದವ್ರು ಯಾರು? ನಮ್ಮ ಮನಿಯವ್ರ! ಕುಂಟಕೋತ ಸ್ಟೇಜ್ ಹತ್ತಿ ಹೊಚ್ಚಿ ಬಂದ್ರು. ಯಾರರ ಅವನ ಬಗ್ಗೆ ಒಂದ ಮಾತ ತಗದ್ರ ಇವರಿಗೆ ತಡಕೊಳ್ಳಾಕ ಆಗತಿರಲಿಲ್ಲ. ಕಾಲು ಹಿಮಾ ತಗೊಂತು, ಗೆಳ್ಯಾನ್ನ ನನಗ ಬಿಟ್ಟು ಹೋತು ಅಂತಿದ್ರು. ಆ ಒಂದ ಮಾತಿನ ಮ್ಯಾಲೆ ಬದಕಿದ್ರು ನಮ್ಮ ಮನಿಯವ್ರು, ಖರೇ ಹೇಳತೇನಿ. ಪ್ರತಿ ದಸರಾಕ್ಕ ಅಂವ ಬನ್ನಿ ಹಿಡಕೊಂಡು ಖಾಸಬಾಗಕ್ಕ ಬರಾಂವ, ಇಬ್ಬರೂ ಅಪ್ಪಿಕೊಂಡು ನಿಂದರಾವ್ರು.

ಹೋದ ದಸರಾಕ್ಕ ಖಂಡೇನವಮಿ ದಿನಾ ನಾವು ಪಾರಿಶ್ವಾಡಕ್ಕ ಹೋಗಿದ್ವಿ, ಮೈದುನನ ಟ್ರ್ಯಾಕ್ಟರ್ ಪೂಜಿಗೆ. ಬರೂ ಮುಂದ ಇವರಂದ್ರು, "ಖಾನಾಪುರದಾಗ ಇಳದು ಶಶಿನ್ನ ಮಾತಾಡಿಸಿ ಹೋಗೂಣು." ಹೇಳದ ಕೇಳದ ಹೋದ್ವಿ. ಶಶಿಧರ ಚೆಂಡಹೂ ತರಾಕ ಹೋಗಿದ್ದ. ಅವನ ಅವ್ವ ನಿಂಗವ್ವ ಒಬ್ಬಾಕಿ ಇದ್ಲು. ಕಣ್ಣು ಮಂಜ, ಆದ್ರ ಪೂಜಿ ಪುನಸ್ಕಾರದಾಗ ಎತ್ತಿದ ಕೈ.

"ಬಾರಪಾ ಸತ್ಯಪ್ಪಾ, ಬಾ ನನ್ನವ್ವಾ, ಕುಂದರ್ರಿ" ಅಂದ್ಲು. ನಡುಮನ್ಯಾಗ ಕಂಬಳಿ ಹಾಸಿ ಮನ್ಯಾಗಿನ ಕಬ್ಬಿಣಾ ಎಲ್ಲಾ ಇಟ್ಟಿದ್ಲು. ಕುಡಗೋಲು, ಕೊಡ್ಲಿ, ಈಳಿಗಿ, ಕತ್ತರಿ, ಮೊಮ್ಮಗನ ಬೈಕಿನ ಪಾನಾ ಸುದ್ದಾ. ಎಲ್ಲಾದಕ್ಕೂ ಇಬತ್ತಿ ಹಚ್ಚಿದ್ಲು. ನಡುವ ಇತ್ತು ಅದು.

ನನಗ ಮೊದಲ ಕಂಡಿದ್ದು ಹಸರ ಅಂಚು. ಮಾಸಿತ್ತು, ಆದ್ರೂ ನನ್ನ ಸೀರಿ ನನಗ ತಿಳ್ಯೂದಿಲ್ಲೇನು? ಆಮ್ಯಾಲೆ ನೊಗದ ತೂತು. ಇವರ ಮಾರಿ ನೋಡಿದೆ. ಇವರೂ ಅದನ್ನ ನೋಡಾಕತ್ತಿದ್ರು.

"ಎವ್ವಾ, ಈ ಚಾಕು ಎಲ್ಲಿತ್ತು?" ಅಂತ ಕೇಳಿದ್ರು, ಮೆತ್ತಗ.

"ಟ್ರಂಕಿನ ತಳದಾಗಪಾ. ಮಿಲ್ಟ್ರಿಯಿಂದ ತಂದದ್ದು. ಪ್ರತಿ ವರ್ಷ ಇದೊಂದ ಬ್ಯಾಡವಾ ಅಂತಾನ. ಕಬ್ಬಿಣಾ ಪೂಜಿ ಇಲ್ದ ಮನ್ಯಾಗ ಇಡಬಾರದಲಾ, ಇವತ್ತ ಅಂವ ಹೊರಗ ಹೋದ ಮ್ಯಾಲೆ ತಗದ ಇಟ್ಟೆ" ಅಂದ್ಲು ಮುದುಕಿ, ದೊಡ್ಡ ಕೆಲಸಾ ಮಾಡಿದವರಂಗ.

ಅಷ್ಟರಾಗ ಶಶಿಧರ ಬಂದ. ನಮ್ಮನ್ನ ನೋಡಿ ನಕ್ಕ, ಕಂಬಳಿ ನೋಡಿದ, ಕೈಯಾಗಿನ ಚೆಂಡಹೂ ಪಿಶವಿ ಕೆಳಗ ಬಿತ್ತು.

"ಟೆಂಟಿನ ಬಟ್ಟಿ ಕೊಯ್ದು ಹೊರಗ ಬಿದ್ದಿಯೇನು?" ಅಂದ್ರು ಇವರು.

ಅಂವ ಗ್ವಾಡಿ ಹಿಡಕೊಂಡು ಕುಂತ. "ಮ್ಯಾಲೆ ಮತ್ತ ಸಪ್ಪಳಾ ಬಂತೋ ಸತ್ಯಾ. ಇನ್ನೊಂದ ಸಲಾ ಬೀಳತೈತಂತ ಅಂಜಿದೆ. ನಾ ಕೊಯ್ಕೊಂಡು ಓಡಿದೆ."

"ಬೀಳಲಿಲ್ಲ" ಅಂದ್ರು ಇವರು. "ಅಂಜಿದ್ದಕ್ಕ ನನಗ ಸಿಟ್ಟಿಲ್ಲ. ಅಲ್ಲೆ ಎಲ್ಲಾರೂ ಅಂಜತಿದ್ವಿ. ದವಾಖಾನ್ಯಾಗ ಅಂಜಿದೆ ಅಂದಿದ್ರ ಅವತ್ತ ಎರಡ ಬೈದು ಮರೀತಿದ್ದೆ. ನೀ ನನ್ನ ಕೈಲೆ ಸಮಾಧಾನಾ ಮಾಡಿಸ್ಕೊಂಡಿ. ಶಾಲ ಹೊಚ್ಚಿಸ್ಕೊಂಡಿ. ನನ್ನ ಕೈಲೆ!"

ನಾ ಬಾಯಿ ತಗದೆ ಅಂದ್ರ ಖಾನಾಪುರ ಸ್ಟೇಷನ್ ತನಕಾ ಕೇಳತೈತಿ. ತಗದೆ. "ಭಾಡ್ಯಾ, ನನ್ನ ಸೆರಗಿನಾಗ ಕಣ್ಣೀರ ಒರಿಸ್ಕೊಂಡಿ, ನನ್ನ ಸೀರಿ ಅಂಚ ಟ್ರಂಕಿನಾಗ ಇಟ್ಕೊಂಡಿದ್ದಿ! ಎಲ್ಲೆರ ಹೊಳ್ಯಾಗರ ಒಗ್ಯಾಕ ಆಗಲಿಲ್ಲಾ ನಿನಗ?" ಅಂದೆ. ಒಗ್ಯಾಕೂ ಧೈರ್ಯ ಬೇಕಲಾ.

ಇವರು ಚಾಕುಗೆ ಕೈ ಹಾಕಿದ್ರು. ಏನೂ ತಿಳೀದ ಮುದುಕಿ, "ಪೂಜಿಗಿಟ್ಟದ್ದು ಇವತ್ತ ಎತ್ತಬಾರದಪಾ, ನಾಳೆ ಬನ್ನಿ ಆದ ಮ್ಯಾಲೆ ಒಯ್ಯಿ" ಅಂದ್ಲು. ಅಂಥಾದ್ರಾಗೂ ಹಿರ್ಯಾರ ಮಾತು ಮೀರಲಿಲ್ಲ ನೋಡ್ರಿ, ನಮಸ್ಕಾರಾ ಮಾಡಿ ಹೊರಗ ಬಂದ್ರು. ಬಸ್ಸಿನಾಗ ಬೆಳಗಾವಿಯ ಟಿಳಕವಾಡಿ ದಾಟಿದ ಮ್ಯಾಲೆ, "ಕಾಲು ಇವತ್ತ ನೋವಾಗಾಕತ್ತೈತಿ, ಪ್ರಮಿಳಾ" ಅಂದ್ರು.

ಮರುದಿನಾ ಸಂಜಿಗೆ ಅಂವ ಬಂದ. ಮಾರಿ ಸುಟ್ಟ ಬದನಿಕಾಯಿ ಆಗಿತ್ತು. ಒಂದ ಕೈಯಾಗ ಬನ್ನಿ, ಒಂದ ಕೈಯಾಗ ಪೇಪರಿನಾಗ ಸುತ್ತಿದ ಚಾಕು. ನಾ ಕಸಬರಗಿ ಹಿಡಕೊಂಡ ಎದ್ದೆ. ಇವರು ನನ್ನ ತಡದು, ಬಾಗಲಕ್ಕ ಹೋಗಿ ನಿಂತರು.

ಶಶಿಧರ ಬನ್ನಿ ಮುಂದ ಮಾಡಿದ. "ಬಂಗಾರದಂಗ ಇರೂಣು, ಸತ್ಯಾ" ಅಂದ.

ಇವರು ಬನ್ನಿಗೆ ಕೈ ಚಾಚಲಿಲ್ಲ.

"ಚಾಕು ಕೊಡು, ಶಶಿ" ಅಂದ್ರು.

ಅಂವ ಕೈ ಚಾಚಿ ಕೊಟ್ಟ. ಇವರು ಪೇಪರ್ ಬಿಚ್ಚಿ, ಹಿಡಕಿ ಅಂಗೈಯಾಗ ಹಿಡಕೊಂಡ್ರು.

"ಇಷ್ಟನ ಇತ್ತಲ್ಲೋ" ಅಂದ್ರು. "ಅವತ್ತ ಕೈ ಚಾಚಿ ಕೊಡೂದು, ಇಷ್ಟನ ಇತ್ತು." ಆಮ್ಯಾಲೆ ಬಾಗಲಾ ಹಾಕ್ಕೊಂಡ್ರು.