ಟಾಕಿ ಕಾಯುತ್ತಿದ್ದ ಚಾಚಾ

ಎದುರಿಗೆ ನಿಂತು ಮಾತಾಡುವಾಗಲೂ ಚಾಚಾನ ಕತ್ತು ತುಸು ಮೇಲಕ್ಕೇ ಇರುತ್ತಿತ್ತು. ಅವರ ಕಣ್ಣು ನಮ್ಮ ತಲೆಯ ಮೇಲಿಂದ ಹಾದು ಗುಡ್ಡದ ನೀರಿನ ಟಾಕಿಯನ್ನು ಹುಡುಕುತ್ತಿತ್ತು. ಬ್ಯಾಡಗಿ ಸ್ಟೇಷನ್ನಿನಲ್ಲಿ ಉಗಿ ಎಂಜಿನ್ನುಗಳಿಗೆ ನೀರು ತುಂಬಿಸುವ ನೌಕರಿ ಮಾಡಿ, ನಿವೃತ್ತರಾಗಿ ನಮ್ಮ ಓಣಿಗೆ ಬಂದವರು ಅವರು.

ನಮ್ಮೂರಿಗೆ ಆಗಿನ್ನೂ ಕರೆಂಟಿನ ಕಂಬ ಬಂದಿರಲಿಲ್ಲ. ಒಂದು ಸಂಸ್ಥೆಯವರು ಹಾಕಿಕೊಟ್ಟ ಗಾಳಿಯಂತ್ರ ಹಗಲು ಹೊಂಡದ ನೀರನ್ನು ಟಾಕಿಗೆ ಎತ್ತುತ್ತಿತ್ತು. ಸಂಜೆ ಚಾಚಾ ವಾಲ್ವ್ ತಿರುವಿದರೆ ಅದೇ ನೀರು ಕೊಳವೆಯಲ್ಲಿ ಧುಮುಕಿ, ಡೈನಮೊ ತಿರುಗಿಸಿ, ಮತ್ತೆ ಹೊಂಡ ಸೇರುತ್ತಿತ್ತು. ಅಷ್ಟೆಲ್ಲ ಮಾಡಿ ಉರಿಯುತ್ತಿದ್ದದ್ದು ಒಂದು ಬಲ್ಬು, ಹೆಂಗಸರ ಸಂಜೆ ಶಾಲೆಯದು. ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಆ ಉರಿಯುವ ಕೈಯಲ್ಲೇ ನಾವು ಬಳಪ ಹಿಡಿಯುತ್ತಿದ್ದೆವು. ನನ್ನ ಪಾಲಿಗೆ ಬೇರೆ ಶಾಲೆ ಇರಲಿಲ್ಲ.

ಗಾಳಿ ನಿಂತರೆ ಚಾಚಾಗೆ ಊಟ ಸೇರುತ್ತಿರಲಿಲ್ಲ. "ಗಾಡಿ ಬಂದ ಮ್ಯಾಲ ನೀರ ಹುಡುಕಾಕ ಹೋಗೂದಲ್ಲ ಬೇಟಿ, ಮದಲ ತುಂಬಿರಬೇಕು" ಅನ್ನುತ್ತಿದ್ದರು. ನಮ್ಮೂರಿಗೆ ಹಳಿಯೇ ಇಲ್ಲ, ಗಾಡಿ ಎಲ್ಲಿಂದ ಬರಬೇಕು ಎಂದು ನಾವು ಮುಸಿಮುಸಿ ನಗುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಗಾಳಿ ಬಿದ್ದೇ ಹೋಯಿತು. ಅದೇ ಹೊತ್ತಿಗೆ ಸಂಸ್ಥೆಯ ಸಾಹೇಬರು ಬರುತ್ತಾರೆ, ದೀಪ ಉರಿಯದಿದ್ದರೆ ಯಂತ್ರ ಕಿತ್ತು ಬೇರೆ ಊರಿಗೆ ಕೊಡುತ್ತಾರೆ ಎಂಬ ಸುದ್ದಿ ಬಂತು. ನಮಗೆ ಕೈಕಾಲೇ ಆಡಲಿಲ್ಲ. ಚಾಚಾ ಮಾತ್ರ ಹೊಂಡಕ್ಕಿಳಿದು, ಕೊಡ ಹೊತ್ತು ಗುಡ್ಡ ಹತ್ತತೊಡಗಿದರು. ಅವರ ಮೊಣಕಾಲು ನಡುಗುವುದನ್ನು ನೋಡಲಾರದೆ ನಾನು ಕೊಡ ಕಸಿದುಕೊಂಡೆ.

"ನೀವು ಕುಂದರ್ರಿ ಚಾಚಾ. ಓದು ಬೇಕಾಗಿದ್ದು ನಮಗ."

ಅವತ್ತಿನಿಂದ ಹೊಂಡಕ್ಕೆ ಬಟ್ಟೆ ಒಗೆಯಲು ಬಂದ ಹೆಂಗಸರು ಮನೆಗೆ ಹೋಗುವ ಮೊದಲು ಒಂದೊಂದು ಕೊಡ ಟಾಕಿಗೆ ಸುರಿದು ಹೋಗತೊಡಗಿದರು.

ಸಾಹೇಬರು ಬಂದ ಸಂಜೆ ಬಲ್ಬು ಹತ್ತಿತು. "ಗಾಳಿ ಇಲ್ಲದಾಗಲೂ ಉರೀತದಲ್ಲ, ಭೇಷ್" ಎಂದರು ಅವರು. ಚಾಚಾ, ಬಾಯಿ ಬಿಡಬೇಡಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

"ಗಾಳಿ ತುಂಬಿದ್ದಲ್ರಿ ಸಾಹೇಬ್ರ. ಈ ಹೆಣ್ಣಮಕ್ಕಳು ಹೊತ್ತು ಹಾಕ್ಯಾರ."

ಸಾಹೇಬರು ನಮ್ಮ ಒದ್ದೆ ಸೆರಗುಗಳನ್ನು ನೋಡಿದರು. ಆಮೇಲೆ ನನ್ನತ್ತ ತಿರುಗಿ, ಬೋರ್ಡಿನ ಮೇಲಿದ್ದುದನ್ನು ಓದಲು ಹೇಳಿದರು. ಅಕ್ಷರ ಕೂಡಿಸಿ ಕೂಡಿಸಿ, ಬೆವರುತ್ತ, ಕೊನೆಯ ಸಾಲಿನವರೆಗೂ ಓದಿದೆ. ಯಂತ್ರ ನಮ್ಮೂರಲ್ಲೇ ಉಳಿಯಿತು. ಅವರ ಜೀಪು ಓಣಿ ದಾಟುವ ಮೊದಲೇ ಚಾಚಾ ನಾಳಿನ ನೀರಿನ ಚಿಂತೆಗೆ ಬಿದ್ದಿದ್ದರು.

ನಾನು ಇವತ್ತು ಈ ನಾಲ್ಕು ಸಾಲು ಬರೆಯುತ್ತಿರುವುದು ಆ ಚಿಂತೆಯ ಋಣದಿಂದ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ದಿನವೂ ಗಾಳಿ ಇರಲಿಲ್ಲ. ಗಂಡಸರು ಅವರನ್ನು ಹೊತ್ತು ಖಬರಸ್ತಾನಕ್ಕೆ ಹೋದರು. ನಾವು ಹೆಂಗಸರು ಅಲ್ಲಿಗೆ ಹೋಗುವಂತಿರಲಿಲ್ಲ. ಯಾರೂ ಯಾರನ್ನೂ ಕರೆಯಲಿಲ್ಲ, ಕೊಡ ಹಿಡಿದು ಒಬ್ಬೊಬ್ಬರೇ ಹೊಂಡಕ್ಕಿಳಿದೆವು, ಗುಡ್ಡ ಹತ್ತಿದೆವು. ಸಂಜೆಯಾದಾಗ, ಮೇಲೆ ನೀರಿದೆ, ಚಾಚಾ ಇನ್ನಾದರೂ ಕತ್ತು ಇಳಿಸಿ ಮಲಗಲಿ ಎಂದುಕೊಂಡು ನಾನೇ ವಾಲ್ವ್ ತಿರುವಿದೆ.