ಕೊಳ್ಳೇಗಾಲದ ಯೂನಿವರ್ಸಿಟಿ ಬೀದಿ

ನಾನು ಯೂನಿವರ್ಸಿಟಿ ಬೀದಿಯಲ್ಲಿ ಓದಿದವನು ಎಂದರೆ ಎದುರಿಗಿದ್ದವರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಯಾವ ಊರಿನ ಯೂನಿವರ್ಸಿಟಿ ಎಂದು ಅವರು ಕೇಳುವವರೆಗೆ ಆ ಸುಖವನ್ನು ಬಾಯಿಮುಚ್ಚಿಕೊಂಡು ಅನುಭವಿಸುತ್ತೇನೆ. ಕೇಳಿದ ಮೇಲೆ ಕೊಳ್ಳೇಗಾಲ ಎನ್ನಲೇಬೇಕು. ಆ ಕಾಲದ ಕೊಳ್ಳೇಗಾಲದಲ್ಲಿ ಯೂನಿವರ್ಸಿಟಿ ಹಾಗಿರಲಿ, ಒಂದು ಕಾಲೇಜೂ ಇರಲಿಲ್ಲ. ಇದ್ದದ್ದು ಒಂದು ಹೈಸ್ಕೂಲು, ಅದರ ಹಿಂದೆ ರೇಷ್ಮೆ ಸೀರೆ ನೇಯುವವರ ಬೀದಿ, ಬೀದಿಯ ಮೂಲೆಯಲ್ಲಿ ಶಿವಣ್ಣನ ಕಾಫಿ ಹೋಟೆಲು.

ನಳಂದ, ತಕ್ಷಶಿಲೆಗಳ ಚರಿತ್ರೆ ಬರೆದವರು ಯಾವ ರಾಜ ಯಾವ ಊರನ್ನು ದತ್ತಿ ಬಿಟ್ಟ ಎಂಬಲ್ಲಿಂದ ಶುರುಮಾಡುತ್ತಾರೆ. ನಮ್ಮದಕ್ಕೆ ರಾಜರ ಹಂಗಿಲ್ಲ. ಅದನ್ನು ಸ್ಥಾಪಿಸಿದವನು ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಫೇಲಾಗಿದ್ದ ಮಾರ್ಟಳ್ಳಿಯ ಆರೋಗ್ಯಸ್ವಾಮಿ.

ನಾನು ಹನೂರಿನಿಂದ ಓದಲು ಬಂದಾಗ ಅವನು ಪುಟ್ನಂಜಮ್ಮನ ಮನೆಯ ಅಟ್ಟದಲ್ಲಿ ಹಳೆಯ ಬಾಡಿಗೆದಾರ. ಕೆಳಗೆ ಆಕೆಯ ಮಗ್ಗ, ಮೇಲೆ ನಮ್ಮ ಚಾಪೆ. ಗಂಡ ತೀರಿಕೊಂಡ ಮೇಲೆ ಆಕೆ ಮಗ್ಗದಲ್ಲಿ ತಾನೇ ಕೂತಿದ್ದಳು. ಬೆಳಗಿನಿಂದ ಲಾಳಿ ಓಡುತ್ತಿದ್ದರೆ ನಮ್ಮ ಅಟ್ಟದ ಹಲಗೆಗಳೂ ಅದರ ತಾಳಕ್ಕೆ ಅದುರುತ್ತಿದ್ದವು. ಆರೋಗ್ಯ ಕಾಫಿ ಕುಡಿಯುವಾಗಲೆಲ್ಲ, ಪಾಸಾದ ಕೂಡಲೇ ಕೊಯಮತ್ತೂರಿನಲ್ಲಿ ಇಂಟರ್‌ಮೀಡಿಯೆಟ್ ಓದಿ ಯೂನಿವರ್ಸಿಟಿಗೆ ಹೋಗುತ್ತೇನೆ ಎನ್ನುತ್ತಿದ್ದ. ಕೇಳಿ ಕೇಳಿ ಶಿವಣ್ಣ ಒಂದು ದಿನ ಒಳಗೆ ಕೂಗಿ ಹೇಳಿದ: “ಯೂನಿವರ್ಸಿಟಿ ಬಂತು ಕಣ್ಲಾ, ಯಲ್ಡು ಕಾಫಿ ಕೊಡು.” ಎರಡನೆಯ ಕಾಫಿ ನನ್ನದು. ಹೀಗೆ ನಾನೂ ಸೇರಿಬಿಟ್ಟೆ. ಹೆಸರು ಮೊದಲು ಅವನಿಗೆ, ಆಮೇಲೆ ಅಟ್ಟಕ್ಕೆ, ಕೊನೆಗೆ ಇಡೀ ಬೀದಿಗೆ ಅಂಟಿಕೊಂಡಿತು.

ಬೀದಿಗೆ ಅವನು ಬೇಕಾಗಿದ್ದ. ಆಗ ನಾವು ಮದ್ರಾಸ್ ಪ್ರಾಂತ್ಯದವರು, ನಮ್ಮ ಜಿಲ್ಲೆ ಕೊಯಮತ್ತೂರು. ಬರುವ ಅಧಿಕಾರಿಗಳು ತಮಿಳು ಮಾತಾಡುತ್ತಿದ್ದರು. ನಮ್ಮ ಬೀದಿಯ ತಮಿಳು ಸಂತೆಯ ಚೌಕಾಸಿಗೆ ಸಾಲುತ್ತಿತ್ತು, ಅಷ್ಟೇ. ಒಮ್ಮೆ ಒಬ್ಬ ಅಧಿಕಾರಿ ಪುಟ್ನಂಜಮ್ಮನ ಬಾಗಿಲಲ್ಲಿ ನಿಂತು “ತರಿ ಎಂಗೆ?” ಎಂದ. ಅವನು ಕೇಳಿದ್ದು ಮಗ್ಗ ಎಲ್ಲಿ ಎಂದು; ತಮಿಳಿನಲ್ಲಿ ತರಿ ಎಂದರೆ ಮಗ್ಗ. ಕನ್ನಡದ ಕಿವಿಗೆ ಅದು ಕತ್ತರಿಸುವ ಮಾತು. ಮಗ್ಗದ ಹಾಸುನೂಲನ್ನು ಕತ್ತರಿಸಲು ಬಂದನೆಂದು ಆಕೆ ಎರಡೂ ಕೈ ಚಾಚಿ ಮಗ್ಗಕ್ಕೆ ಅಡ್ಡ ನಿಂತಳು. ಮನೆಮಾತೇ ತಮಿಳಾದ ಆರೋಗ್ಯ ಅಟ್ಟದಿಂದ ಇಳಿದು ಬಂದು ಇಬ್ಬರನ್ನೂ ಸಮಾಧಾನ ಮಾಡಿದ. ಅಧಿಕಾರಿ ಮಜ್ಜಿಗೆ ಕುಡಿದು ಹೋದ.

ನಾಲ್ಕನೆಯ ಪರೀಕ್ಷೆಗೆ ಮುಂಚೆ ಅವನ ಅಪ್ಪ ಹೇಳಿಕಳಿಸಿದರು: ಇದೇ ಕೊನೆ, ಆಗದಿದ್ದರೆ ಬಂದು ಹೊಲ ನೋಡಿಕೋ. ಪಾಸಾದರೆ ಕೊಯಮತ್ತೂರು, ಫೇಲಾದರೆ ಮಾರ್ಟಳ್ಳಿ. ಬೀದಿಗೆ ಎರಡೂ ಒಂದೇ ನಷ್ಟ. ಆದರೂ ಪುಟ್ನಂಜಮ್ಮ ಅವನು ಓದಿಕೊಳ್ಳಲಿ ಎಂದು ಮಗ್ಗ ನಿಲ್ಲಿಸಿದಳು. ಅಕ್ಕಪಕ್ಕದವರಿಗೂ ಹೇಳಿ ನಿಲ್ಲಿಸಿದಳು.

ಬೀದಿ ಗಪ್‌ಚುಪ್ಪಾಯಿತು. ಅದೇ ಪರೀಕ್ಷೆಗೆ ಕೂರಬೇಕಿದ್ದ ನಾನು ಆ ನಿಶ್ಶಬ್ದದಲ್ಲಿ ಚೆನ್ನಾಗಿ ನಿದ್ದೆಮಾಡಿದೆ. ಆರೋಗ್ಯನ ಮುಖ ಮಾತ್ರ ದಿನದಿನಕ್ಕೆ ಬಾಡಿತು. ಒಂದು ಬೆಳಿಗ್ಗೆ ಪುಸ್ತಕ ಹಿಡಿದೇ ಕೆಳಗಿಳಿದ.

“ಅವ್ವಾ, ಮಗ್ಗ ಆಡ್ಸಿ.”

“ನಿನ್ನ ಪರೀಕ್ಸೆ ಮುಗೀಲಿ ಅಂತ ನಿಲ್ಸಿವ್ನಿ ಕಣ್ಲಾ. ಓಗಿ ಓದ್ಕೊ.”

“ನಿಲ್ಸುದ್ಮೇಲೆ ಒಂದಕ್ಸರನೂ ತಲೆಗೆ ಓಗ್ತಾ ಇಲ್ಲ. ಇವ್ನು ಮಗ್ಗಲು ಬದಲಾಯ್ಸೋದೂ ಕೇಳ್ತದೆ.”

ಪುಟ್ನಂಜಮ್ಮ ಸೊಂಟಕ್ಕೆ ಕೈಕೊಟ್ಟು ಅವನನ್ನೇ ನೋಡಿದಳು. “ಮದ್ವೆ ಸೀರೆ ಅರ್ಧಕ್ಕೆ ಬುಟ್ಟು ಕುಂತಿವ್ನಿ. ಸಾವ್ಕಾರ್ರು ದಿನಾ ಆಳು ಕಳಿಸ್ತಾವ್ರೆ. ಮೊದ್ಲೇ ಯೋಳ್ಬಾರ್ದಾಗಿತ್ತಾ?”

“ನಂಗೂ ಗೊತ್ತಿರ್ನಿಲ್ಲ ಅವ್ವಾ.”

ಆಕೆಗೆ ಸಿಟ್ಟು ಬರಬೇಕಿತ್ತು. ನಗು ಬಂತು. ಉಟ್ಟ ಸೀರೆ ಎತ್ತಿ ಸಿಕ್ಕಿಸಿಕೊಂಡು ಮಗ್ಗದ ಗುಂಡಿಗಿಳಿದಳು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಮಗ್ಗಗಳೆಲ್ಲ ಆಡುತ್ತಿದ್ದವು. ಆರೋಗ್ಯ ಅಟ್ಟದಲ್ಲಿ ತಲೆಯಾಡಿಸುತ್ತ ಓದುತ್ತಿದ್ದ. ನನ್ನ ನಿದ್ದೆ ಹಾಳಾಯಿತು.

ಶಿವಣ್ಣನ ಹೋಟೆಲಿನ ಪೇಪರಿನಲ್ಲಿ ಅವನ ನಂಬರು ಬಂತು, ನನ್ನದು ಬರಲಿಲ್ಲ. ಅವನು ನನ್ನ ಮುಖ ನೋಡಿಕೊಂಡು ಸರಿಯಾಗಿ ನಗಲೂ ಇಲ್ಲ. ಪುಟ್ನಂಜಮ್ಮ ಅವನ ಬಾಯಿಗೆ ಸಕ್ಕರೆ ಹಾಕಿ, ಉಳಿದದ್ದನ್ನು ನನ್ನ ಕೈಗೆ ಸುರಿದು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನನ್ನು ಬಸ್ಸು ಹತ್ತಿಸಲು ಇಡೀ ಬೀದಿ ಹೋಗಿತ್ತು. ಬಸ್ಸು ಹೊರಟ ಮೇಲೂ ಯಾರೂ ಬೇಗ ಹಿಂದಿರುಗಲಿಲ್ಲ.

ಹೋದವನು ಸುಮ್ಮನಿರಲಿಲ್ಲ. ತಮ್ಮನನ್ನು ಕಳಿಸಿದ. ತಮ್ಮ ಹೂಗ್ಯಂ ಊರಿನ ಗೆಳೆಯನನ್ನು ಕರೆದ. ನಮ್ಮ ಅಟ್ಟ ಸಾಲದೆ ಪಕ್ಕದ ಮನೆಯವರು ತಮ್ಮ ಅಟ್ಟ ಗುಡಿಸಿಕೊಟ್ಟರು. ಯಳಂದೂರಿನವರು ಆಗ ಮೈಸೂರು ಸೀಮೆಯವರು. ಅಲ್ಲಿಂದಲೂ ಇಬ್ಬರು ಪರದೇಶಕ್ಕೆ ಬಂದಂತೆ ಬಂದು ಸೇರಿದರು. ಶನಿವಾರ ಸೈಕಲ್ಲು ತುಳಿದು ಸ್ವದೇಶಕ್ಕೆ ಹೋಗಿಬರುತ್ತಿದ್ದರು. ಶಿವಣ್ಣ ಇಡ್ಲಿ ಪಾತ್ರೆ ದೊಡ್ಡದು ತಂದ.

ಬಂದವರೆಲ್ಲ ನನ್ನನ್ನು ‘ಸಾ’ ಎಂದು ಕರೆದು ಲೆಕ್ಕ ಹೇಳಿಸಿಕೊಳ್ಳತೊಡಗಿದಾಗ ನಾಚಿಕೆ ತಡೆಯಲಾಗದೆ ಗಂಟು ಕಟ್ಟಿದೆ. ಹನೂರಿಗೆ ಹೋಗುತ್ತೇನೆ ಎಂದು ಪುಟ್ನಂಜಮ್ಮನಿಗೆ ಹೇಳಿದೆ. ಆಕೆ ನೂಲಿನಿಂದ ಕಣ್ಣೆತ್ತದೆ ಅಂದಳು: “ಬುಡ್ಲಾ, ಎಲ್ರೂ ಪಾಸಾಗ್ಬುಟ್ರೆ ಈ ಬೀದೀಲಿ ಇರೋರ್ಯಾರು?”

ಅಷ್ಟರಲ್ಲಿ ಹೊಸ ಹುಡುಗನೊಬ್ಬ ಟ್ರಂಕು ಹೊತ್ತು ಬಾಗಿಲಿಗೆ ಬಂದು ಬಾವಿ ಎಲ್ಲಿ ಎಂದ. ಗಂಟು ಕೆಳಗಿಟ್ಟು ತೋರಿಸಲು ಹೋದೆ. ಪಾಸಾದವರು ಯೂನಿವರ್ಸಿಟಿಗೆ ಕೀರ್ತಿ ತರುತ್ತಾರೆ, ಒಪ್ಪಿದೆ. ಹೊಸಬರಿಗೆ ಬಾವಿ ತೋರಿಸಲು ಮಾತ್ರ ಫೇಲಾದವನೊಬ್ಬ ಅಲ್ಲೇ ಇರಬೇಕಾಗುತ್ತದೆ.