ನೆಗೆಣ್ಣಿಯ ಹಲ್ಲಿನ ಅಚ್ಚು

ಅವಳು ನಗುವಾಗ ಮೊದಲು ಕಾಣುತ್ತಿದ್ದುದು ಒಂದು ಓರೆ ಹಲ್ಲು. ಮೇಲಿನ ಸಾಲಿನಲ್ಲಿ, ಎಡಗಡೆ, ಕೋರೆಹಲ್ಲಿನ ಪಕ್ಕದ್ದು, ಮುಂದಿನ ಹಲ್ಲಿನ ಮೇಲೆ ತುಸು ಏರಿ ಕೂತಿತ್ತು. ಉಳಿದವೆಲ್ಲ ಹೊಸ ಅಕ್ಕಿಯಂತೆ ಬೆಳ್ಳಗೆ, ಅಳತೆಗೆ ಸರಿಯಾಗಿ ಇದ್ದವು. ತುಟಿ ಪೂರ್ತಿ ಬಿಚ್ಚುವ ಮೊದಲೇ ಆ ಓರೆ ಹಲ್ಲು ಇಣುಕುತ್ತಿತ್ತು. ಆಮೇಲೆ ಬರುವ ನಗು ನಮ್ಮ ಹಿತ್ತಲಿನಿಂದ ಬೀದಿಯವರೆಗೂ ಕೇಳುತ್ತಿತ್ತು. ಅವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಹದಿನೈದು ವರ್ಷ ಒಂದೇ ಅಡುಗೆಮನೆಯಲ್ಲಿ ಅವಳ ಜೊತೆ ಒಲೆ ಮುಂದೆ ನಿಂತಿದ್ದೇನೆ. ಅಷ್ಟೂ ವರ್ಷ ಆ ಹಲ್ಲುಗಳನ್ನು ಕಂಡು ಹೊಟ್ಟೆ ಉರಿದುಕೊಂಡಿದ್ದೇನೆ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ನಾನು ಹುಟ್ಟಿ ಬೆಳೆದದ್ದು ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ, ಬೋರ್‌ವೆಲ್ ನೀರು ಕುಡಿದು. ಆ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ತಿಳಿದದ್ದು ಬಹಳ ತಡವಾಗಿ. ನನ್ನ ವಾರಗೆಯವರೆಲ್ಲರ ಹಲ್ಲೂ ಒಂದೇ ಥರ ಇದ್ದವು. ಅಲ್ಲಲ್ಲಿ ಸುಣ್ಣ ಸಿಡಿದಂತೆ ಬಿಳಿ ಮಚ್ಚೆ, ನಡುವೆ ಅಡ್ಡಕ್ಕೆ ಕಂದು ಪಟ್ಟಿ. ಎಲ್ಲರದ್ದೂ ಹಾಗೇ ಇದ್ದುದರಿಂದ ನಮ್ಮೂರಲ್ಲಿ ಯಾರೂ ಬಾಯಿ ಮುಚ್ಚಿಕೊಂಡು ನಗುತ್ತಿರಲಿಲ್ಲ. ದಾವಣಗೆರೆಯವರು ನನ್ನನ್ನು ನೋಡಲು ಬಂದ ದಿನ ಅತ್ತೆಯಾಗಬೇಕಾದವರು ನಮ್ಮವ್ವನ ಕಡೆ ವಾಲಿ ಕೇಳಿದರು, "ಹುಡುಗಿ ಕಡ್ಡಿಪುಡಿ ಹಾಕ್ತಾಳೇನ್ರಿ?" ಮಾವನವರು "ಅದು ನೀರಿನ ಕಲೆ, ಬಿಡು" ಎಂದು ಮಾತು ಮುಂದುವರಿಸದಿದ್ದರೆ ಆ ಸಂಬಂಧ ಅಲ್ಲಿಗೇ ನಿಲ್ಲುತ್ತಿತ್ತು. ಅಂದಿನಿಂದ ನಾನು ಸೆರಗು ಬಾಯಿಗೆ ಅಡ್ಡ ಹಿಡಿಯದೆ ನಕ್ಕವಳಲ್ಲ.

ನಾಲ್ಕು ವರ್ಷದ ಮೇಲೆ ಇವಳು ಬಂದಳು. ಕೊಕ್ಕನೂರಿನವಳು, ನಾಲೆ ನೀರಿನ ಊರಿನವಳು. ಬಂದ ವಾರಕ್ಕೇ ಮನೆ ಅವಳದಾಯಿತು. ನಮ್ಮದು ಚೌಕಿಪೇಟೆಯಲ್ಲಿ ಪಾತ್ರೆ ಅಂಗಡಿ. ಮಧ್ಯಾಹ್ನ ಊಟಕ್ಕೆ ಬರುವ ಗಂಡಸರು ಮೊದಲೆಲ್ಲ ತಟ್ಟೆ ನೋಡಿಕೊಂಡು ಉಂಡು ಹೋಗುತ್ತಿದ್ದವರು, ಈಗ ಅವಳನ್ನು ನಗಿಸಲೆಂದೇ ಅಂಗಡಿಯ ಸುದ್ದಿ ಹೊತ್ತು ತರತೊಡಗಿದರು. ನನ್ನ ಗಂಡನೂ ತರುತ್ತಿದ್ದರು. ನಾಲ್ಕು ವರ್ಷ ನನಗೆ ಒಂದು ಸುದ್ದಿಯನ್ನೂ ತಂದವರಲ್ಲ. ನನ್ನ ಮಗ ಕೂಡ ಫೋಟೊ ತೆಗೆಯುವಾಗ ಚಿಕ್ಕಮ್ಮನ ಪಕ್ಕಕ್ಕೇ ಓಡುತ್ತಿದ್ದ.

ಅವಳಿಗೆ ಆ ಹಲ್ಲುಗಳ ಬೆಲೆಯೇ ಗೊತ್ತಿರಲಿಲ್ಲ ಎಂಬುದು ನನ್ನ ದೊಡ್ಡ ಸಂಕಟ. ಹೂ ಕಟ್ಟುವಾಗ ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದಳು. ಎಣ್ಣೆ ಪಾಕೀಟಿನ ಮೂಲೆಯನ್ನು ಹಲ್ಲಿನಲ್ಲೇ ಹರಿಯುತ್ತಿದ್ದಳು. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದು, ಖಾರಕ್ಕೆ ಉಸ್ ಉಸ್ ಅನ್ನುತ್ತಲೇ ಕಬ್ಬು ಸಿಗಿಯಲು ಕೂರುತ್ತಿದ್ದಳು. ಏನು ಹೇಳಿದರೂ ಒಂದೇ ಮಾತು, "ಇರ್ಲಿ ಬಿಡ್ರಿ ಅಕ್ಕ, ಏನಾತೀಗ." ಎಲ್ಲ ಇದ್ದವರಿಗೆ ಆ ಮಾತು ಸುಲಭ ಎಂದು ನಾನು ಪಾತ್ರೆ ಕುಕ್ಕುತ್ತಿದ್ದೆ.

ಹಲ್ಲು ಸರಿ ಮಾಡಿಸಿಕೊಳ್ಳಲು ಗಂಡ ಒಪ್ಪಿದ ವರ್ಷ ಡಾಕ್ಟರ ಬಳಿಗೆ ಹೋದೆ. ದಾವಣಗೆರೆಯಲ್ಲಿ ಸಂದಿಗೊಂದು ಹಲ್ಲಿನ ದವಾಖಾನೆ ಉಂಟು. ಆದರೆ ಎಲ್ಲಿ ಹೋಗಿ ಕೂತರೂ ಬೆಂಚಿನ ಮೇಲೆ ಒಬ್ಬರಾದರೂ ಬೀಗರು ಸಿಗುತ್ತಾರೆ. ಅದಕ್ಕೇ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಅಲ್ಲಿನ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕನ್ನಡಿ ನನ್ನ ಕೈಗೇ ಕೊಟ್ಟು, ಆತುರವಿಲ್ಲದೆ ತಿಳಿಸಿ ಹೇಳಿದರು.

"ಕಲೆ ಮೇಲೆ ಮೇಲೆ ಇದ್ದಿದ್ರೆ ಉಜ್ಜಿ ತೆಗೀಬಹುದಿತ್ತಮ್ಮ. ನಿಮ್ಮದು ಒಳಗಿಳಿದೈತೆ. ವೆನಿಯರ್ ಹಾಕ್ಬೇಕು. ಅಂದ್ರೆ ಹಲ್ಲಿನ ಮುಂಭಾಗಕ್ಕೆ ಅಂಟಿಸೋ ತೆಳ್ಳನೆ ಪದರ. ಎರಡು ಥರ ಅದಾವೆ. ಕಾಂಪೋಸಿಟ್ ಅಂದ್ರೆ ಮೆತ್ತನೆ ಪೇಸ್ಟ್. ಇಲ್ಲೇ ಹಲ್ಲಿಗೆ ಮೆತ್ತಿ, ಲೈಟ್ ಬಿಟ್ಟು ಗಟ್ಟಿ ಮಾಡ್ತೀವಿ. ಒಂದೇ ದಿನದಾಗೆ ಮುಗೀತದೆ, ಹಲ್ಲು ಸವರೋದೂ, ಅಂದ್ರೆ ತೆಳ್ಳಗೆ ಕೆರೆದು ತೆಗೆಯೋದೂ, ಕಡಿಮೆ. ಆದ್ರೆ ಚಾ, ಅರಿಶಿಣ ಹಿಡಿದು ಬಣ್ಣ ಕೆಡ್ತದೆ. ಕೆಲವು ವರ್ಷಕ್ಕೆ ಮತ್ತೆ ಮಾಡಿಸ್ಬೇಕು."

"ಇನ್ನೊಂದು?"

"ಪಿಂಗಾಣಿದು. ಅದಕ್ಕೆ ಹಲ್ಲಿನ ಮೇಲ್ಪದರ ತುಸು ಸವರಿ, ಅಚ್ಚು ತೆಗೆದು ಲ್ಯಾಬಿಗೆ ಕಳಿಸ್ಬೇಕು. ಬರೋಕೆ ಎರಡು ವಾರ. ಅಲ್ಲಿವರೆಗೂ ತಾತ್ಕಾಲಿಕದ್ದು ಹಾಕಿರ್ತೀವಿ. ಬಣ್ಣ ಕೆಡಲ್ಲ, ಬಹಳ ವರ್ಷ ಬಾಳಿಕೆ ಬರ್ತದೆ. ಆದ್ರೆ ಒಮ್ಮೆ ಸವರಿದ ಹಲ್ಲು ಮತ್ತೆ ಬೆಳಿಯಲ್ಲ. ಬ್ಯಾಡ ಅನ್ನಿಸಿದ್ರೂ ಮೊದಲಿನಂಗೆ ಮಾಡೋಕಾಗಲ್ಲ. ಯೋಚ್ನೆ ಮಾಡಿ ಬರ್ರಿ. ಯಾವ ಆಕಾರ ಬೇಕು, ಅದನ್ನೂ."

ಆಕಾರ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಮೊಬೈಲಿನಲ್ಲಿದ್ದ ಅವಳ ಫೋಟೊ ತೋರಿಸಿದೆ. ಡಾಕ್ಟರು ದೊಡ್ಡದು ಮಾಡಿ ನೋಡಿದರು. "ಇದೊಂದು ಓರೆ ಐತಲ್ಲಮ್ಮ. ಇದನ್ನ ನೆಟ್ಟಗೆ ಮಾಡ್ಸೋಣ."

"ಬ್ಯಾಡ್ರಿ. ಅದೂ ಹಂಗೇ ಬೇಕು."

"ಓರೆ ಹಲ್ಲು ಮಾಡಿಕೊಡ್ರಿ ಅಂತ ಇವತ್ತಿನ ತನಕ ಯಾರೂ ಕೇಳಿಲ್ಲ" ಎಂದು ಅವರು ನನ್ನ ಮುಖ ನೋಡಿದರು. ಆಮೇಲೆ ಹೇಳಿದರು, "ಫೋಟೊದಾಗೆ ಅಂದಾಜು ಸಿಗಲ್ಲ. ಅವರನ್ನೇ ಕರ್ಕೊಂಡು ಬಂದ್ರೆ ಅಚ್ಚು ತಗೋತೀನಿ. ಲ್ಯಾಬಿನವ್ರು ಅದನ್ನ ನೋಡಿ ಮಾಡ್ತಾರೆ."

ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು. ಜಗತ್ತಿನಲ್ಲಿ ಯಾರ ಮುಂದೆ ಕೈಯೊಡ್ಡಬಾರದು ಅಂದುಕೊಂಡಿದ್ದೆನೋ ಅವಳ ಮುಂದೆಯೇ ಒಡ್ಡಬೇಕಾಗಿತ್ತು. ಅವಳು ಒಂದು ಸಲ ಬಿದ್ದು ನಕ್ಕರೆ ಸಾಕು, ಊಟದ ಹೊತ್ತಿಗೆ ಗಂಡಸರಿಗೆಲ್ಲ ಗೊತ್ತಾಗುತ್ತದೆ. ದೊಡ್ಡ ಸೊಸೆ ಚಿಕ್ಕ ಸೊಸೆಯ ಹಲ್ಲು ನೋಡಿ ಆಸೆಪಟ್ಟಳು ಎಂದು ಕೊಕ್ಕನೂರಿನವರೆಗೂ ಸುದ್ದಿಯಾಗುತ್ತದೆ. ಹತ್ತು ದಿನ ಸುಮ್ಮನಿದ್ದೆ. ಹನ್ನೊಂದನೇ ದಿನ ಅವಳು ರೊಟ್ಟಿ ಬಡಿಯುತ್ತಿದ್ದಾಗ, ಅವಳ ಮುಖ ನೋಡದೆ, ಹಿಟ್ಟಿನ ಡಬ್ಬಿಗೆ ಹೇಳುವವಳಂತೆ ಎಲ್ಲ ಹೇಳಿದೆ.

ಅವಳು ರೊಟ್ಟಿಗೆ ನೀರು ಸವರಿ ಮಗುಚಿದಳು. ನಗಲಿಲ್ಲ. "ಗುರುವಾರ ಹೋಗೋಣೇನ್ರಿ ಅಕ್ಕ? ಅವತ್ತು ನನ್ನ ಮಗಳಿಗೆ ಸ್ಕೂಲು ತಡವಾಗಿ ಬಿಡ್ತದೆ" ಅಂದಳು. ಅಷ್ಟೇ. ಯಾಕೆ ಅಂತಲೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೂ ನನಗೆ ಉರಿಯಿತು. ಇಷ್ಟು ದೊಡ್ಡ ಮನಸ್ಸನ್ನು ತೋರಿಸುವ ಅಗತ್ಯವೇನಿತ್ತು ಅನ್ನಿಸಿತು.

ಗುರುವಾರ ಅವಳು ಮದುವೆಗೆ ಹೊರಟವಳಂತೆ ಸೀರೆ ಉಟ್ಟು ಬಂದಳು. ಡಾಕ್ಟರು ಗುಲಾಬಿ ಬಣ್ಣದ ಹಿಟ್ಟು ಕಲಸಿ, ತಟ್ಟೆಯಲ್ಲಿ ತುಂಬಿ ಅವಳ ಬಾಯಿಗೆ ಒತ್ತಿದರು. ಕಣ್ಣಲ್ಲಿ ನೀರು ಬಂದು ಓಕರಿಸಿದಳು. ಕೈ ಹಿಡಿದುಕೊಳ್ಳಲು ನನ್ನ ಕಡೆ ಚಾಚಿದಳು, ನಾನು ಕೊಟ್ಟೆ. ಆಮೇಲೆ ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಮಾದರಿ ಹಲ್ಲುಗಳ ಪಟ್ಟಿ ಹಿಡಿದು ಬಣ್ಣ ಹೊಂದಿಸಿದರು. ಬಾಯಿ ತೊಳೆದುಕೊಂಡು ಬಂದವಳು, ಡಾಕ್ಟರು ಎರಡು ಥರದ ಮಾತು ಮತ್ತೆ ತೆಗೆದಾಗ, ನನ್ನ ಕಿವಿಯ ಹತ್ತಿರ ಬಗ್ಗಿದಳು. "ಅಕ್ಕ, ಆ ಪೇಸ್ಟಿನದು ಹಾಕಿಸ್ಕೊಂಡು ನೋಡ್ರಿ ಮೊದ್ಲು. ಸೇರದಿದ್ರೆ ತೆಗಿಸ್ಬೋದಂತಲ್ಲ. ಇರೋ ಹಲ್ಲನ್ನ ಯಾಕ ಸವರಿಸ್ತೀರಿ?"

ಒಳ್ಳೆಯ ಮಾತೇ ಅದು. ಆದರೆ ನನ್ನ ಕಿವಿಗೆ ಬಿದ್ದದ್ದು ಬೇರೆ. ತನ್ನದು ಶಾಶ್ವತವಾಗಿ ಬೆಳ್ಳಗಿರಲಿ, ನನ್ನದು ನಾಲ್ಕು ವರ್ಷಕ್ಕೆ ಮತ್ತೆ ಅರಿಶಿಣ ಹಿಡಿಯಲಿ ಎಂದು ಹೇಳಿದ ಹಾಗೆ ಕೇಳಿಸಿತು. "ಪಿಂಗಾಣಿದೇ ಮಾಡ್ರಿ" ಎಂದು ಡಾಕ್ಟರಿಗೆ ಹೇಳಿಬಿಟ್ಟೆ. ಮೇಲಿನ ಆರು ಹಲ್ಲಿನ ಮೈಯನ್ನು ಹೊಟ್ಟೆಕಿಚ್ಚಿಗೆ ಸವರಿಸಿಕೊಂಡವಳು ನಾನು.

ತಾತ್ಕಾಲಿಕ ಹಲ್ಲಿದ್ದ ಎರಡು ವಾರ ತಣ್ಣೀರು ತಾಗಿದರೆ ಜೀವ ಹೋಗುತ್ತಿತ್ತು. ನನ್ನ ಲೋಟಕ್ಕೆ ಉಗುರುಬೆಚ್ಚಗಿನ ನೀರು ಬಂದು ಕೂರುತ್ತಿತ್ತು. ರೊಟ್ಟಿಯ ಬದಲು ನನ್ನ ತಟ್ಟೆಗೆ ಮೆತ್ತನೆ ಅನ್ನ ಬೀಳುತ್ತಿತ್ತು. ಯಾರು ಮಾಡುತ್ತಿದ್ದಾರೆಂದು ಗೊತ್ತಿದ್ದೂ ನಾನು ಒಂದು ಮಾತು ಆಡಲಿಲ್ಲ. ಕೊನೆಗೆ ಪಿಂಗಾಣಿಯ ಪದರಗಳು ಬಂದವು. ಡಾಕ್ಟರು ಒಂದೊಂದನ್ನೇ ಇಟ್ಟು ನೋಡಿ, ಅಂಟಿಸಿ, ಲೈಟು ಬಿಟ್ಟು ಗಟ್ಟಿ ಮಾಡಿದರು. ಇನ್ನು ಮೇಲೆ ದಾರ ಕಡಿಯಬಾರದು, ಕಬ್ಬು ಸಿಗಿಯಬಾರದು ಅಂದರು. ಕನ್ನಡಿಯಲ್ಲಿ ನನ್ನ ಮುಖ ಇತ್ತು, ಬಾಯಿ ಅವಳದಿತ್ತು.

ಹಲ್ಲು ಮಾಡಿಸಿದ್ದು ಮನೆಯವರಿಗೆಲ್ಲ ಗೊತ್ತು. ಯಾರದ್ದನ್ನು ನೋಡಿ ಮಾಡಿಸಿದ್ದು ಎಂಬುದು ಅವಳಿಗೆ ಮಾತ್ರ ಗೊತ್ತು. ಇಂದು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ನಾನು ಕಾದೆ. ಬಳೆ ತೊಡಿಸಲು ಬಂದವಳು ಒಂದು ದಿನ ನಮ್ಮಿಬ್ಬರನ್ನೂ ನೋಡಿ, "ಅಕ್ಕತಂಗೀರೇನ್ರಿ ನೀವು? ನಗು ಒಂದೇ ಥರ ಐತಲ್ಲ" ಅಂದಳು. ನನ್ನ ಕೈ ಸೆರಗಿಗೆ ಹೋಯಿತು. ನೆಗೆಣ್ಣಿ ಬಳೆಗೆ ಕೈ ಚಾಚಿಕೊಂಡೇ, "ಹೂಂ, ಅಕ್ಕನ್ನ ನೋಡೇ ನಾನು ನಗೋದು ಕಲ್ತಿದ್ದು" ಅಂದಳು. ಬಳೆಯವಳು ನಂಬಿದಳು.

ಇಷ್ಟಾದರೂ ನನ್ನ ಸಂಕಟ ತೀರಲಿಲ್ಲ. ಹಲ್ಲು ಸಮ ಆಯಿತು, ಗಂಡಸರು ಸುದ್ದಿ ತರುವುದು ಅವಳಿಗೇ. ನಾನು ಈಗಲೂ ಮರೆತು ಸೆರಗು ಬಾಯಿಗೆ ತರುತ್ತಿದ್ದೆ. ಅವಳು ಪಕ್ಕದಲ್ಲಿದ್ದರೆ ಸುಮ್ಮನೆ ಅದನ್ನು ಕೆಳಕ್ಕೆ ಎಳೆಯುತ್ತಿದ್ದಳು. ಮೂರು ವರ್ಷ ಹೀಗೇ ನಡೆಯಿತು.

ಆಮೇಲೆ ಅವಳಿಗೆ ಕಾಮಾಲೆ ಬಂತು. ಮೊದಲು ನಾಟಿ ಔಷಧಿ, ಆಮೇಲೆ ದೊಡ್ಡಾಸ್ಪತ್ರೆ. ಎರಡು ತಿಂಗಳು ಮಲಗಿದಳು. ನೋಡಲು ಹೋದಾಗಲೆಲ್ಲ "ಇರ್ಲಿ ಬಿಡ್ರಿ ಅಕ್ಕ" ಅನ್ನುತ್ತಿದ್ದಳು. ಕೊನೆಯ "ಏನಾತೀಗ" ಹೇಳುವಷ್ಟು ಉಸಿರು ಇರಲಿಲ್ಲ. ಯುಗಾದಿಗೆ ಇನ್ನೂ ವಾರವಿರುವಾಗ ಹೋದಳು. ಕೊನೆಯವರೆಗೂ ನಾನು ಅವಳಿಗೆ ಉಪಕಾರದ ಮಾತು ಒಂದನ್ನೂ ಹೇಳಲಿಲ್ಲ. ಹೇಳಲು ಬಾಯಿ ಇತ್ತು, ಅದೂ ಅವಳದೇ.

ಅವಳ ಮಗಳು ಈಗ ಎಂಟನೇ ಕ್ಲಾಸು. ತಾಯಿ ಹೋದ ಮೇಲೆ ನನ್ನ ಹಿಂದೆ ಹಿಂದೆಯೇ ಇರತೊಡಗಿದಳು. ಸ್ಕೂಲಿನಿಂದ ಬಂದವಳೇ ಅಡುಗೆಮನೆಯ ಕಟ್ಟೆ ಹತ್ತಿ ಕೂತು, ಮೇಷ್ಟ್ರು ಹೇಗೆ ಸೀನಿದರು, ಗೆಳತಿ ಹೇಗೆ ಜಾರಿ ಬಿದ್ದಳು ಎಂದು ಒಂದಾದ ಮೇಲೊಂದು ಹೇಳುತ್ತಿದ್ದಳು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರಾದರೂ ನನ್ನನ್ನು ನಗಿಸಲೆಂದೇ ಸುದ್ದಿ ತಂದದ್ದು ಅದೇ ಮೊದಲು. ಹುಡುಗಿಗೆ ನನ್ನನ್ನು ಕಂಡರೆ ಜೀವ ಎಂದು ಬೀಗಿದೆ. ಕೊನೆಗೂ ಒಂದರಲ್ಲಿ ಇವಳ ತಾಯಿಯನ್ನು ಗೆದ್ದೆ ಎಂದೂ ಅಂದುಕೊಂಡೆ, ಸುಳ್ಳು ಹೇಳುವುದಿಲ್ಲ.

ಹೋದ ತಿಂಗಳು ಒಂದು ಸಂಜೆ ಗಮನಿಸಿದೆ. ನಾನು ನಗುವಾಗ ಅವಳು ನಗುವುದಿಲ್ಲ. ಮಾತು ನಿಲ್ಲಿಸಿ, ಕಣ್ಣು ಮಿಟುಕಿಸದೆ ನನ್ನ ಬಾಯಿಯನ್ನೇ ನೋಡುತ್ತಾಳೆ.

"ಯಾಕ ಹಂಗೆ ನೋಡ್ತೀಯ?" ಅಂದೆ.

"ಅವ್ವ ಹೇಳಿದ್ಲು ದೊಡ್ಡಮ್ಮ, ಆಸ್ಪತ್ರೆಯಾಗೆ. ಹರಿಹರದ ಡಾಕ್ಟ್ರು ಅಚ್ಚು ತಗೊಂಡಿದ್ದು, ಎಲ್ಲ. ಯಾರಿಗೂ ಹೇಳ್ಬ್ಯಾಡ ಅಂದ್ಲು. ನನ್ನ ನೋಡ್ಬೇಕು ಅನ್ನಿಸಿದಾಗ ದೊಡ್ಡಮ್ಮನ್ನ ನಗಿಸು ಅಂದ್ಲು."

ನನ್ನಲ್ಲಿ ಮೊದಲು ಎದ್ದದ್ದು ದುಃಖವಲ್ಲ, ಅದೇ ಹಳೆಯ ಉರಿ. ಇಷ್ಟು ದಿನ ಈ ಹುಡುಗಿ ಬಂದು ಕೂತದ್ದು ನನಗಾಗಿ ಅಲ್ಲ. ಹೋದ ಮೇಲೂ ಈ ಮನೆಯಲ್ಲಿ ಎಲ್ಲರೂ ನೋಡುವುದು ಅವಳನ್ನೇ. ಒಲೆಯ ಮೇಲಿನ ಸಾರು ಕುದಿದು ಉಕ್ಕಿತು, ಇಳಿಸಿದೆ. ತಿರುಗಿ ನೋಡಿದರೆ ಹುಡುಗಿ ಹೆದರಿದ ಮುಖ ಮಾಡಿಕೊಂಡು ಕಟ್ಟೆಯ ಮೇಲೆ ಹಾಗೇ ಕೂತಿದ್ದಳು. ತಾಯಿ ಹೇಳಬೇಡ ಅಂದದ್ದನ್ನು ಹೇಳಿಬಿಟ್ಟೆ, ಇನ್ನು ದೊಡ್ಡಮ್ಮ ನಗುವುದಿಲ್ಲ ಎಂದುಕೊಂಡಿರಬೇಕು.

ಕೈ ಒರೆಸಿಕೊಂಡು ಅವಳ ಮುಂದೆ ಬೆಳಕಿಗೆ ಸರಿದು ನಿಂತೆ.

"ಇನ್ನೊಂದು ಹೇಳು" ಅಂದೆ.